ನಾನು ಬರೆದ ಬ್ರೆಸಾಕ್, ಜಯಂತ್ ನಡೆದ ಬ್ರೆಸಾಕ್

ಪ್ರವಾಸದ ಕಂಪನಿಗಳಲ್ಲಿ ಕೆಲಸಕ್ಕೆ ಸೇರಬೇಕೆಂದಿರುವ ಮಕ್ಕಳು ಈಚೆಗೆ ನನ್ನನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಬಹಳ ಜನ ಅಂದುಕೊಳ್ಳಬೇಡಿ. ಇಬ್ಬರು ಬಂದಿದ್ದರು, ಅವರಲ್ಲಿ ಒಬ್ಬಳು ನನ್ನ ನಾದಿನಿಯ ಮಗಳು. ಇಬ್ಬರ ಮೊದಲ ಪ್ರಶ್ನೆಯೂ ಒಂದೇ: “ಆಂಟಿ, ಈ ಜಾಬಲ್ಲಿ ಫ್ರೀಯಾಗಿ ಊರು ಸುತ್ತಬಹುದಲ್ವಾ?”

ಸುತ್ತಬಹುದು. ಸುತ್ತುವವರು ನೀವೇ ಆಗಿರುತ್ತೀರಿ ಎಂದು ಮಾತ್ರ ಯಾರೂ ಮಾತು ಕೊಟ್ಟಿಲ್ಲ. ಪ್ರವಾಸದ ಕಂಪನಿಯಲ್ಲಿ ಎರಡು ಪಂಗಡ. ಕೊಡೆ ಎತ್ತಿ ಹಿಡಿದು ಗುಂಪಿನ ಮುಂದೆ ನಡೆಯುವ ಟೂರ್ ಲೀಡರ್ ಒಂದು. ಅವನು ಎಲ್ಲಿ ತಿರುಗಬೇಕು, ಎಲ್ಲಿ ಉಣ್ಣಬೇಕು, ಯಾವ ಮೂಲೆಯಲ್ಲಿ ಟಾಯ್ಲೆಟ್ ಇದೆ ಎಂದು ಬರೆದುಕೊಟ್ಟು ಕುರ್ಚಿಯಲ್ಲೇ ಉಳಿಯುವ ಡೆಸ್ಕಿನವರದು ಇನ್ನೊಂದು. ನಾನು ಇಪ್ಪತ್ತೆರಡು ವರ್ಷ ಡೆಸ್ಕಿನವಳಾಗಿದ್ದು ಈಗ ಐವತ್ತೈದಕ್ಕೆ ಮನೆಯಲ್ಲಿದ್ದೇನೆ. ಸಂಬಳ ಯಾವಾಗ ಏರಿತು, ಕಾರ್ಡಿನ ಮೇಲೆ ಏನು ಹುದ್ದೆ ಅಚ್ಚಾಗಿತ್ತು ಎನ್ನುವುದನ್ನೆಲ್ಲ ಬಿಟ್ಟುಬಿಡೋಣ. ಆ ಕಾರ್ಡುಗಳ ಹಿಂಬದಿಯಲ್ಲಿ ನಾನು ಕೊತ್ತಂಬರಿ ಸೊಪ್ಪಿನ ಪಟ್ಟಿ ಬರೆದು ಮುಗಿಸಿದ್ದೇನೆ. ನಿಮಗೆ ಉಪಯೋಗಕ್ಕೆ ಬರುವುದು ಒಂದೇ ವಿಷಯ. ನನ್ನನ್ನು ಅಷ್ಟು ವರ್ಷ ಆ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದ್ದು ಹೊಟ್ಟೆಕಿಚ್ಚು. ಅದಕ್ಕೆ ಒಂದು ಊರಿನ ಹೆಸರಿದೆ, ಬ್ರೆಸಾಕ್. ಒಬ್ಬ ಮನುಷ್ಯನ ಹೆಸರೂ ಇದೆ, ಜಯಂತ್.

ನಮ್ಮ ಆಫೀಸು ಸಿಂಗಪುರದ ಸೆರಂಗೂನ್ ರಸ್ತೆಯ ಒಂದು ದಿನಸಿ ಅಂಗಡಿಯ ಮೇಲೆ. ಮೆಟ್ಟಿಲು ಹತ್ತುವಾಗಲೇ ಇಂಗಿನ ವಾಸನೆ. ಮಾಲೀಕರು ಮೂರ್ತಿ ಸರ್, ಮೈಸೂರಿನವರು. ನಾನು ಸೇರುವಷ್ಟರಲ್ಲಿ ಅವರ ಕನ್ನಡದ ವಾಕ್ಯಗಳ ತುದಿಗೆಲ್ಲ ಇಲ್ಲಿಯ ಇಂಗ್ಲಿಷಿನ ಒಂದು ‘ಲಾ’ ಅಂಟಿಕೊಂಡಿತ್ತು. ಗಿರಾಕಿಗಳು ಹೆಚ್ಚಾಗಿ ನಮ್ಮವರೇ: ಬೆಂಗಳೂರು, ಮೈಸೂರು ಕಡೆಯ ಐಟಿ ಸಂಸಾರಗಳು, ರಜಕ್ಕೆ ಬಂದ ಅವರ ಅಪ್ಪ ಅಮ್ಮಂದಿರು, ಇಲ್ಲೇ ವಯಸ್ಸಾದ ಅಂಕಲ್ ಆಂಟಿಯರು. ಪ್ಯಾರಿಸ್, ಸ್ವಿಟ್ಜರ್‌ಲೆಂಡ್ ಎಲ್ಲರದೂ ಆಗಿತ್ತು. ಹಾಗಾಗಿ ಅವರು ಬಂದು ಕೂತು ಕೇಳುತ್ತಿದ್ದುದು, “ನಮ್ ಕಾಂಡೋ ಅಪಾರ್ಟ್‌ಮೆಂಟಲ್ಲಿ ಯಾರೂ ಹೋಗಿರಬಾರದು, ಅಂಥದ್ದೇನಾದರೂ ಇದೆಯಾ?” ಎಂದು. ಇದನ್ನು ಗುರುತು ಹಾಕಿಕೊಳ್ಳಿ. ನಮ್ಮ ವ್ಯಾಪಾರದಲ್ಲಿ ಗಿರಾಕಿಯೂ ಹೊಟ್ಟೆಕಿಚ್ಚಿನ ಮೇಲೇ ನಡೆಯುತ್ತಾನೆ.

ಹಾಗೆ ಹುಡುಕಿ ತೆಗೆದ ಊರು ಬ್ರೆಸಾಕ್. ಫ್ರಾನ್ಸಿನ ನಡುವೆ, ಒಂದು ನದಿ ಬಳಸಿಕೊಂಡು ಹೋಗುವ ಗುಡ್ಡದ ಮೇಲಿನ ಸಣ್ಣ ಪೇಟೆ. ಮೇಲೆ ಕೋಟೆ, ಕೆಳಗೆ ಹಳೆಯ ಕಲ್ಲಿನ ಸೇತುವೆ, ಊರ ಸುತ್ತ ಅರ್ಧ ಬಿದ್ದ ಗೋಡೆ. ಪೇಟೆಯ ಹೊರಗೆ, ಹೆಂಗಸರು ಹಿಂದೆ ಬಟ್ಟೆ ಒಗೆಯುತ್ತಿದ್ದ ಮಾಡಿನ ಕೆಳಗಿನ ಕಲ್ಲುತೊಟ್ಟಿ. ಅಲ್ಲಿಂದ ಕಾಡೊಳಗೆ ಹಳದಿ ಬಣ್ಣದ ಗುರುತು ಹಿಡಿದು ಹತ್ತಿದರೆ ಕಣಿವೆಯ ಅಂಚಿನಲ್ಲಿ ಚಾವಣಿ ಇಲ್ಲದ ಒಂದು ಚಾಪೆಲ್, ಸಣ್ಣ ಇಗರ್ಜಿ. ಅದರ ಕಿಟಕಿಯಿಂದ ನದಿಯ ಇಡೀ ತಿರುವು ಒಂದೇ ನೋಟಕ್ಕೆ ಕಾಣುತ್ತದಂತೆ. ‘ಅಂತೆ’ ಎನ್ನುವುದನ್ನು ಗಮನಿಸಿ. ಹನ್ನೊಂದು ವರ್ಷ ಈ ಊರಿನ ಬಗ್ಗೆ ನಾನು ಬರೆದ ಪ್ರತಿ ವಾಕ್ಯಕ್ಕೂ ಬಾಲದಲ್ಲಿ ಈ ‘ಅಂತೆ’ ಇತ್ತು. ಶೀಟಿನಲ್ಲಿ ಮಾತ್ರ ಅದನ್ನು ಕತ್ತರಿಸಿಬಿಡುತ್ತಿದ್ದೆ.

ಶೀಟ್ ಎಂದರೆ ನಡಿಗೆಯ ಶೀಟ್. ನಿಮಿಷ ನಿಮಿಷದ ದಾರಿ. ಅದನ್ನು ಮಾಡುವ ರೀತಿ ಹೇಳುತ್ತೇನೆ, ಈಗ ಯಾರೂ ಕಲಿಸುವುದಿಲ್ಲ. ಅವರ ಬ್ರೋಷರಿನಲ್ಲಿ ಐವತ್ತು ನಿಮಿಷದ ದಾರಿ ಎಂದಿದ್ದರೆ ಅದನ್ನು ಮೊದಲು ಎರಡರಿಂದ ಗುಣಿಸಬೇಕು, ನಮ್ಮವರು ನಡೆಯುತ್ತ ಮಾತಾಡುವುದಿಲ್ಲ, ಮಾತಾಡುತ್ತ ನಡೆಯುತ್ತಾರೆ. ಫೋಟೋಗೆ ಹತ್ತು ನಿಮಿಷ ಸೇರಿಸಬೇಕು. ದಾರಿಯಲ್ಲಿ ಹೂವಿನ ಬಳ್ಳಿಯ ಬಾಗಿಲಿದ್ದರೆ ಇನ್ನೂ ಹತ್ತು. ಹಾಲಿಲ್ಲದ ಕಾಫಿ ಕೊಡುವ ಅಂಗಡಿ ಎದುರಾದರೆ ಅದನ್ನು ಚರ್ಚಿಸಲು ಐದು. ಉಳಿದದ್ದನ್ನು ಉಪಗ್ರಹದ ನಕ್ಷೆಯಲ್ಲಿ ಬೆರಳಿಟ್ಟು ನಡೆದು ತಿಳಿದುಕೊಳ್ಳುತ್ತಿದ್ದೆ. ಅದೂ ಸಾಲದಿದ್ದರೆ ಒಡೆಟ್‌ಗೆ ಫೋನು.

ಒಡೆಟ್ ಬ್ರೆಸಾಕ್‌ನ ಪ್ರವಾಸಿ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಅವಳು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಇಲ್ಲಿ ನಾಲ್ಕು ಗಂಟೆ, ನನ್ನ ಟೀ ಹೊತ್ತು. ಇಬ್ಬರ ಇಂಗ್ಲಿಷೂ ಕುಂಟು. ಕುಂಟರಿಬ್ಬರು ಹೆಗಲು ಹಿಡಿದು ಚೆನ್ನಾಗಿಯೇ ನಡೆದೆವು. ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇದೆಯೇ, ಮಳೆ ಬಂದರೆ ಜಾರುತ್ತದೆಯೇ, ನಾಯಿ ಇದೆಯೇ, ನಾಯಿಯನ್ನು ಕಟ್ಟಿರುತ್ತಾರೆಯೇ ಎಂದು ಕೇಳಿದ್ದನ್ನೇ ಕೇಳುತ್ತಿದ್ದೆ. ನನ್ನ ಗಂಡ ಪಾಸಿರ್ ಪಂಜಾಂಗ್‌ನ ಬಂದರಿನಲ್ಲಿ ಶಿಫ್ಟ್ ಕೆಲಸ ಮಾಡಿದವರು, ದಿನಾ ಸಾವಿರ ಕಂಟೇನರ್ ಎತ್ತಿ ಇಳಿಸುವುದನ್ನು ನೋಡಿದರೂ ಬೆವರದ ಮನುಷ್ಯ. ಅವರು ಹೇಳುತ್ತಿದ್ದರು, “ವನಜಾ, ನೀನು ಮನೆ ಬಾಗಿಲಿಂದ ಲಿಫ್ಟ್ ತನಕ ಹೋಗೋಕೂ ಶೀಟ್ ಬರೀತೀಯ.” ಬರೆದಿಲ್ಲ. ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಶೀಟ್ ನನ್ನದು, ನಡೆಯುತ್ತಿದ್ದವನು ಜಯಂತ್. ಬನಶಂಕರಿಯ ಹುಡುಗ, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು, ಆದರೆ ಯಾವ ಕೋನದಿಂದ ನೋಡಿದರೂ ಹತ್ತು ವರ್ಷ ಚಿಕ್ಕವನಂತೆ ಕಾಣುತ್ತಿದ್ದ. ಅದೂ ನನಗೆ ಆಗುತ್ತಿರಲಿಲ್ಲ. ಫ್ರೆಂಚಿನಲ್ಲಿ ಅವನಿಗೆ ಮೂರು ಮಾತು ಬರುತ್ತಿತ್ತು, ಮೂರನ್ನೂ ಒಟ್ಟಿಗೆ ಹೇಳುತ್ತಿದ್ದ. ಏರ್‌ಪೋರ್ಟಿನಿಂದ ನೇರವಾಗಿ ಆಫೀಸಿಗೆ ಬಂದು ನನ್ನ ಮೇಜಿನ ಮೇಲೆ ಆಕ್ರೋಟಿನ ಕೇಕಿನ ಡಬ್ಬಿ ಇಟ್ಟು, “ಒಡೆಟ್ ನಿನಗೇ ಅಂತ ಕಳಿಸಿದ್ದು ಕಣೆ” ಎನ್ನುತ್ತಿದ್ದ. ಕೇಕು ಚೆನ್ನಾಗಿರುತ್ತಿತ್ತು. ತಿನ್ನುತ್ತಲೇ ಉರಿಯುತ್ತಿದ್ದೆ. ನನ್ನ ಫೋನಿನ ಗೆಳತಿಯ ಕೈಯಿಂದ ಡಬ್ಬಿ ಇಸಿದುಕೊಂಡವನು ಅವನು. ಆಮೇಲೆ ಗಿರಾಕಿಗಳ ಥ್ಯಾಂಕ್ಸ್ ಮೇಲ್‌ಗಳು ಬರುತ್ತಿದ್ದವು. “ಜಯಂತ್ ಅವರಿಗೆ ಆ ಊರಿನ ಕಲ್ಲು ಕಲ್ಲೂ ಗೊತ್ತು.” ಗೊತ್ತಿರದೆ ಏನು, ಕಲ್ಲು ಕಲ್ಲನ್ನೂ ಎಣಿಸಿ ಬರೆದುಕೊಟ್ಟವಳು ಇಲ್ಲಿ ಇಂಗಿನ ವಾಸನೆಯಲ್ಲಿ ಕೂತಿದ್ದಳು.

ನನಗೆ ಬೇಕಾದದ್ದು ಒಂದೇ. ಆ ಕಲ್ಲುತೊಟ್ಟಿಯಿಂದ ಚಾಪೆಲ್‌ವರೆಗಿನ ದಾರಿಯನ್ನು ನಾನೇ ಒಮ್ಮೆ ನಡೆದು, ಕಿಟಕಿಯಲ್ಲಿ ನಿಂತು ಆ ತಿರುವನ್ನು ನೋಡಬೇಕು. ಮೂರ್ತಿ ಸರ್ ಹತ್ತಿರ ವರ್ಷಕ್ಕೊಮ್ಮೆ ಕೇಳುತ್ತಿದ್ದೆ. ಅವರು ವರ್ಷಕ್ಕೊಮ್ಮೆ, “ನೀನು ಹೋದ್ರೆ ನಿನ್ನ ಫೋನ್ ಯಾರು ಎತ್ತೋದು ಲಾ?” ಎನ್ನುತ್ತಿದ್ದರು. ಉತ್ತರ ಸರಿಯಾಗಿಯೇ ಇತ್ತು. ಫೋನಿನ ಆ ತುದಿಯಲ್ಲಿ ಚಿಂತೆ ಮಾಡುವ ಒಬ್ಬಳು ಬೇಕಲ್ಲ. ಸ್ವಂತವಾಗಿ ಹೋಗಬಹುದಿತ್ತು. ಆದರೆ ಮನೆಯ ರಜೆಗಳೆಲ್ಲ ಊರಿನ ಮದುವೆ ಮುಂಜಿಗಳಿಗೇ ಹೋಗುತ್ತಿದ್ದವು. ಜೊತೆಗೆ, ಹದಿನಾಲ್ಕು ಜನರ ಜವಾಬ್ದಾರಿಯಿಲ್ಲದೆ ಸುಮ್ಮನೆ ಒಂದು ಊರು ನೋಡುವುದು ಹೇಗೆಂದು ನನಗೆ ತಿಳಿಯುತ್ತಿರಲಿಲ್ಲ.

ನನ್ನ ತಪ್ಪುಗಳಲ್ಲಿ ಮೊದಲನೆಯದು ರಾಹುಕಾಲದ್ದು. ಒಂದು ಬ್ಯಾಚಿನವರು ಹಿರಿಯರು. ಪ್ರತಿದಿನದ ಮುಖ್ಯ ನೋಟಕ್ಕೆ ಹೊರಡುವಾಗ ರಾಹುಕಾಲ ಇರಬಾರದೆಂದು ಕೇಳಿಕೊಂಡರು. ಬೇರೆಯವರಾಗಿದ್ದರೆ ಕ್ಯಾಲೆಂಡರಿನಲ್ಲಿ ಅಚ್ಚಾದ ಸಮಯ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ನಾನು ಚಿಂತೆಯವಳು. ರಾಹುಕಾಲ ಎಂದರೆ ಹಗಲಿನ ಎಂಟನೇ ಒಂದು ಭಾಗ. ಸಿಂಗಪುರದಲ್ಲಿ ವರ್ಷವಿಡೀ ಹಗಲು ಒಂದೇ ಅಳತೆ, ಒಂದೂವರೆ ಗಂಟೆಯ ಲೆಕ್ಕ ಸರಿ. ಬ್ರೆಸಾಕ್‌ನ ಬೇಸಿಗೆಯಲ್ಲಿ ಆರಕ್ಕೆ ಹುಟ್ಟಿದ ಸೂರ್ಯ ಒಂಬತ್ತೂವರೆಗೆ ಮುಳುಗುತ್ತಾನೆ. ಕೋಟೆಯ ದಿನವಾದ ಶನಿವಾರದ ರಾಹುಕಾಲ ಹಿಗ್ಗಿಹಿಗ್ಗಿ ಬೆಳಿಗ್ಗೆ ಒಂಬತ್ತೂ ಐವತ್ತರಿಂದ ಹನ್ನೊಂದೂ ಮುಕ್ಕಾಲರ ಆಚೆಗೂ ಚಾಚಿತು. ಲೆಕ್ಕ ಮುಗಿಸಿ ಹೆಮ್ಮೆಯಿಂದ ಟೈಪ್ ಮಾಡಿದೆ: ಕೋಟೆಗೆ ಹೊರಡುವುದು ಹನ್ನೊಂದೂ ಐವತ್ತಕ್ಕೆ.

ಕೋಟೆಯ ಬಾಗಿಲು ಊಟಕ್ಕಾಗಿ ಹನ್ನೆರಡಕ್ಕೆ ಮುಚ್ಚಿ ಎರಡಕ್ಕೆ ತೆಗೆಯುತ್ತದೆ ಎಂದು ನನ್ನದೇ ಶೀಟಿನ ಎರಡನೇ ಪುಟದಲ್ಲಿ ನಾನೇ ಬರೆದಿದ್ದೆ. ಎರಡಕ್ಕೆ ಅವರ ಬಸ್ಸು ಮುಂದಿನ ಊರಿಗೆ.

ಹನ್ನೆರಡೂ ಐದಕ್ಕೆ ಬೀಗ ಬಿದ್ದ ಬಾಗಿಲ ಮುಂದೆ ನಿಂತು ಜಯಂತ್ ಫೋನ್ ಮಾಡಿದ. “ವನಜಾ, ರಾಹು ತಪ್ಪಿಸಿಕೊಂಡ್ವಿ. ಲಂಚ್ ಸಿಕ್ಕಾಕ್ಕೊಂಡಿತು.” ನಾನು ಬೆವರಿದೆ. ಅವನು ಬೆವರಲಿಲ್ಲ. ಗುಂಪನ್ನು ಬಾಗಿಲ ಮುಂದಿನ ಮರದ ಕೆಳಗೆ ಕೂರಿಸಿ ಪುಳಿಯೋಗರೆ ಪೊಟ್ಟಣ ಬಿಚ್ಚಿಸಿದ. ಪಕ್ಕದ ಬೆಂಚಿನಲ್ಲಿ ಒಣ ಬ್ರೆಡ್ಡು ತಿನ್ನುತ್ತಿದ್ದ ಕಾವಲುಗಾರ್ತಿಗೂ ಒಂದು ಪೊಟ್ಟಣ ಕೊಟ್ಟ. ಅವಳು ತಿಂದು, ನೀರು ಕುಡಿದು, ಇನ್ನೊಮ್ಮೆ ನೀರು ಕುಡಿದು, ನಕ್ಕು, ಬದಿಯ ಸಣ್ಣ ಬಾಗಿಲು ತೆಗೆದಳು. ಖಾಲಿ ಕೋಟೆಯಲ್ಲಿ ಇಪ್ಪತ್ತು ನಿಮಿಷ ನಮ್ಮವರೇ. ಮೇಲ್ ಬಂತು: “ಜಯಂತ್ ನಮಗೋಸ್ಕರವೇ ಕೋಟೆ ತೆಗೆಸಿದರು. ಆಫೀಸಿನವರು ಟೈಮಿಂಗ್ ಸ್ವಲ್ಪ ನೋಡಿಕೊಳ್ಳಲಿ.” ಮೂರ್ತಿ ಸರ್ ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದರು. ಗೋಡೆ ನನ್ನ ಎದುರಿನದು.

ಎರಡನೆಯದನ್ನು ತಪ್ಪು ಎನ್ನುವಂತಿಲ್ಲ, ಬೇಕೆಂದೇ ಮಾಡಿದ್ದು. ಇದನ್ನು ಇಲ್ಲಿಯವರೆಗೆ ಗಂಡನಿಗೂ ಹೇಳಿಲ್ಲ.

ಮುಂದಿನ ಬೇಸಿಗೆಯಲ್ಲಿ ಜಯಂತ್ ಒಂದು ಫೋಟೋ ಕಳಿಸಿದ. ಚಾಪೆಲ್‌ನ ಕಿಟಕಿಯ ಕಲ್ಲಿನ ಮೇಲೆ ಕೂತಿದ್ದಾನೆ, ಕಾಲು ಒಂದರ ಮೇಲೊಂದು, ಹಿಂದೆ ನದಿ. ಕೆಳಗೆ ಬರೆದಿದ್ದ: “ನಿನ್ನ ದಾರಿ, ಬಾಸ್.” ಅವನು ಒಳ್ಳೆಯ ಮನಸ್ಸಿನಿಂದಲೇ ಬರೆದಿರಬೇಕು, ಅದೇ ತಡೆಯಲಾಗಲಿಲ್ಲ. ಆ ಮಧ್ಯಾಹ್ನ ನಾನು ಶೀಟ್ ತೆರೆದು ಹೊಸದೊಂದು ಸಾಲು ಸೇರಿಸಿದೆ. ‘ಚಾಪೆಲ್ ದಾರಿ ಹತ್ತಲಾಗದವರು ಒಬ್ಬರಿದ್ದರೂ ಲೀಡರ್ ಅವರೊಂದಿಗೆ ಕೆಳಗೆ ಕಲ್ಲುತೊಟ್ಟಿಯ ಬಳಿಯೇ ಉಳಿಯತಕ್ಕದ್ದು. ಉಳಿದವರು ಹಳದಿ ಗುರುತು ನೋಡಿಕೊಂಡು ಹೋಗಿಬರುವರು.’

ಎಷ್ಟು ಮರ್ಯಾದಸ್ಥ ಸಾಲು ನೋಡಿ. ದಾರಿ ಒಂದೇ, ಗುರುತು ಸ್ಪಷ್ಟ, ಹತ್ತುವವರು ಗಟ್ಟಿ, ಒಂಟಿಯಾಗಿ ಉಳಿಯುವ ವಯಸ್ಸಾದವರಿಗೇ ಕಾವಲು ಬೇಕು. ಪ್ರತಿ ಬ್ಯಾಚಿನಲ್ಲೂ ಮಂಡಿ ನೋವಿನವರು ಕನಿಷ್ಠ ಒಬ್ಬರು ಇದ್ದೇ ಇರುತ್ತಾರೆಂದು ನನಗೆ ಗೊತ್ತಿತ್ತು. ಮೂರ್ತಿ ಸರ್ ಓದಿ, “ಗುಡ್ ಥಿಂಕಿಂಗ್ ಲಾ, ಸೇಫ್ಟಿ” ಎಂದರು. ಜಯಂತ್ ಓದಿ ಒಂದು ಕ್ಷಣ ನನ್ನ ಮುಖ ನೋಡಿ, “ಸರಿ ಕಣೆ” ಎಂದ. ಆಮೇಲಿಂದ ಚಾಪೆಲ್ಲಿನಲ್ಲಿ ಅವನ ಫೋಟೋ ಬರಲಿಲ್ಲ. ನಾನು ನೋಡದ್ದನ್ನು ಅವನೂ ನೋಡುತ್ತಿಲ್ಲ ಎಂಬ ನೆಮ್ಮದಿಯಲ್ಲಿ ಒಂದು ಇಡೀ ಸೀಸನ್ ಚೆನ್ನಾಗಿ ನಿದ್ದೆ ಮಾಡಿದೆ.

ನೆಮ್ಮದಿ ಆ ಸೀಸನ್ನಿಗೇ ಮುಗಿಯಿತು. ಹತ್ತಲಾಗದೆ ಕೆಳಗೆ ಉಳಿದ ಆಂಟಿಯರು ಒಬ್ಬೊಬ್ಬರಾಗಿ ಆಫೀಸಿನ ಮೆಟ್ಟಿಲನ್ನು ಮಾತ್ರ ಹತ್ತಿ ಬರತೊಡಗಿದರು. “ಜಯಂತ್ ಇದಾರಾ? ಅವರ ಜೊತೆ ಕಳೆದ ಆ ದಿನ ಇದೆಯಲ್ಲ, ಇಡೀ ಟ್ರಿಪ್ಪಲ್ಲೇ ಬೆಸ್ಟ್.” ಕಲ್ಲುತೊಟ್ಟಿಯ ಪಕ್ಕ ಮೂರು ಗಂಟೆ ಕೂತಿದ್ದರಲ್ಲಿ ಅಂಥದ್ದೇನು ಎಂದು ಕೇಳಿದರೆ, “ಅದೆಲ್ಲ ಹೇಳೋಕಾಗಲ್ಲಮ್ಮ” ಎಂದು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಮೇಲಕ್ಕೆ ಹೋದವನಾಗಿದ್ದರೆ ನೋಟಕ್ಕಷ್ಟೇ ಹೊಟ್ಟೆ ಉರಿಯುತ್ತಿತ್ತು. ಕೆಳಗೆ ಕೂತೂ ಗೆದ್ದವನ ಮೇಲೆ ಯಾವುದಕ್ಕೆಂದು ಉರಿಯುವುದು? ಹತ್ತು ಸೀಸನ್ ಹಾಗೇ ಕಳೆಯಿತು.

ಅಷ್ಟರಲ್ಲಿ ಕೆಲಸದ ರೀತಿ ಬದಲಾಯಿತು. ಮೊದಲು ಶೀಟ್ ಕಾಗದದಲ್ಲಿತ್ತು, ಆಮೇಲೆ ಫೋನಿಗೆ ಹೋಯಿತು, ಆಮೇಲೆ ದಾರಿ ತಪ್ಪಿದರೆ ಫೋನೇ ಕೂಗಿಕೊಳ್ಳುವಂತಾಯಿತು. ಕೊನೆಗೆ ಮೂರ್ತಿ ಸರ್ ಒಂದು ಆ್ಯಪ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. ಊರಿನ ಹೆಸರು, ಜನರ ಸಂಖ್ಯೆ, ವಯಸ್ಸು ಕೊಟ್ಟರೆ ಎಣಿಸುವಷ್ಟರಲ್ಲಿ ಶೀಟ್ ಸಿದ್ಧ. ನಾನೂ ಕೊಟ್ಟು ನೋಡಿದೆ. ನಾಯಿಯ ವಿಷಯ ಅದು ಯೋಚಿಸಿಯೇ ಇರಲಿಲ್ಲ. ಆದರೂ ಡೆಸ್ಕ್ ಬೇಡವಾಯಿತು. ನನ್ನನ್ನು ಒಳಗೆ ಕರೆದು ಮೂರ್ತಿ ಸರ್ ತುಂಬ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. “ಈ ಸಲದ ಬ್ರೆಸಾಕ್ ಬ್ಯಾಚ್ ನೀನೇ ತಗೊಂಡು ಹೋಗು ವನಜಾ. ಜಯಂತ್ ಇಲ್ಲಿ ಫೋನ್ ಎತ್ತುತ್ತಾನೆ. ಆಮೇಲೆ ರಿಟೈರ್ ಆಗು ಲಾ.”

ಕೆಲಸ ಹೋದ ದುಃಖಕ್ಕೆ ಜಾಗವೇ ಇರಲಿಲ್ಲ. ನನ್ನ ತಲೆಯಲ್ಲಿದ್ದುದು ಒಂದೇ ಲೆಕ್ಕ: ನನ್ನ ನಿಯಮ ನನಗೂ ಅನ್ವಯಿಸುತ್ತದೆ. ಬ್ಯಾಚಿನಲ್ಲಿ ಒಬ್ಬರಿಗೆ ಮಂಡಿ ನೋವಿದ್ದರೂ ನಾನು ಕೆಳಗೆ. ನಿಯಮ ಅಳಿಸಬಹುದಿತ್ತು. ಹತ್ತು ಸೀಸನ್ ಜಯಂತನ ಮೇಲೆ ಹೇರಿದ್ದನ್ನು ನನ್ನ ಸರದಿ ಬಂದಾಗ ಅಳಿಸುವಷ್ಟು ಮುಖ ನನಗಿರಲಿಲ್ಲ. ಹಾಗಾಗಿ ಮಂಡಿಗಳನ್ನೇ ಆರಿಸಲು ಹೊರಟೆ.

ಹೆಸರು ಕೊಟ್ಟ ಪ್ರತಿಯೊಬ್ಬರಿಗೂ ಫೋನ್ ಮಾಡಿದೆ. “ನಿಮ್ಮ ಬ್ಲಾಕಲ್ಲಿ ಲಿಫ್ಟ್ ಕೆಟ್ಟ ದಿನ ಎಷ್ಟನೇ ಫ್ಲೋರ್ ತನಕ ಹತ್ತಿದೀರಿ?” ನಾಲ್ಕನೆಯದಕ್ಕಿಂತ ಕಡಿಮೆ ಎಂದವರಿಗೆ ಸ್ವಿಟ್ಜರ್‌ಲೆಂಡಿನ ರೈಲಿನ ಬಗ್ಗೆ ಬಹಳ ಚೆನ್ನಾಗಿ ಹೇಳಿದೆ. ವುಡ್‌ಲ್ಯಾಂಡ್ಸ್‌ನ ಇಂದಿರಾ ಆಂಟಿಗೆ ಅರವತ್ತೆಂಟು. ಅನುಮಾನದಿಂದಲೇ ಕೇಳಿದೆ.

“ಒಂಬತ್ತು,” ಎಂದರು.

“ಒಂಬತ್ತು ಫ್ಲೋರಾ ಆಂಟಿ?”

“ತರಕಾರಿ ಚೀಲ ಹಿಡ್ಕೊಂಡು. ಯಾಕಮ್ಮ, ಕರ್ಕೊಂಡು ಹೋಗೋದಕ್ಕೆ ಬಾಕ್ಸಿಂಗ್ ಮ್ಯಾಚ್ ಏನಾದ್ರೂ ಇದೆಯಾ?”

ಹದಿನಾಲ್ಕು ಜನ, ಇಪ್ಪತ್ತೆಂಟು ಗಟ್ಟಿ ಮಂಡಿಗಳು. ಅಷ್ಟು ಎಚ್ಚರದಿಂದ ನಾನು ಮಗಳಿಗೆ ಗಂಡನ್ನೂ ನೋಡಿರಲಿಲ್ಲ.

ಬ್ರೆಸಾಕ್‌ನಲ್ಲಿ ಬಸ್ಸಿನಿಂದ ಮೊದಲು ಇಳಿದವಳು ನಾನು. ಬೇಕರಿಯವನು ಬಾಗಿಲಿಗೆ ಬಂದು ನನ್ನ ಕೈಯಲ್ಲಿನ ಕೊಡೆ ನೋಡಿ, ನನ್ನನ್ನು ನೋಡಿ, “ಜಯಂತ್?” ಎಂದ. ಹೋಟೆಲಿನ ಹೆಂಗಸು, “ಜಯಂತ್?” ಕೋಟೆಯ ಕಾವಲುಗಾರ್ತಿ ಎರಡು ಕೈ ಚಾಚಿ ಓಡಿಬಂದು ಅರ್ಧದಲ್ಲಿ ಕೈ ಇಳಿಸಿದಳು. ಒಡೆಟ್ ಮಾತ್ರ ನನ್ನ ದನಿ ಕೇಳಿದ ಕೂಡಲೇ ಕೌಂಟರ್ ಸುತ್ತಿ ಬಂದು ಕೆನ್ನೆಗೆ ಕೆನ್ನೆ ತಾಗಿಸಿ, “ವನಜಾ, ನಾಯಿಯನ್ನು ಕಟ್ಟಿದ್ದೇವೆ,” ಎಂದು ಅವಳ ಕುಂಟು ಇಂಗ್ಲಿಷಿನಲ್ಲಿ ಹೇಳಿದಳು. ಕಣ್ಣು ತುಂಬಿತು. ಮರುಕ್ಷಣ ಅವಳ ಹಿಂದಿನ ಗೋಡೆ ಕಂಡಿತು. ವರ್ಷಕ್ಕೊಂದರಂತೆ ಜಯಂತನ ಫೋಟೋ, ಸಾಲಾಗಿ ಹನ್ನೊಂದು. ಕಣ್ಣು ಒಣಗಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕಲ್ಲುತೊಟ್ಟಿಯ ಬಳಿ ಎಲ್ಲರನ್ನೂ ಎಣಿಸಿದೆ. ಮೊದಲ ಹಳದಿ ಗುರುತು ಮರದ ಮೇಲೆ, ನಕ್ಷೆಯಲ್ಲಿ ನನ್ನ ಬೆರಳು ಇರುತ್ತಿದ್ದ ಜಾಗದಲ್ಲೇ ಇತ್ತು. ಹೊರಡೋಣ ಎನ್ನುವಷ್ಟರಲ್ಲಿ ಇಂದಿರಾ ಆಂಟಿ ಕಲ್ಲಿನ ಕಟ್ಟೆಯ ಮೇಲೆ ನಿಧಾನವಾಗಿ ಕೂತರು.

“ನೀವೆಲ್ಲ ಹೋಗ್ಬನ್ನಿ. ನನ್ನ ಕೈಲಾಗಲ್ಲ.”

“ಆಂಟಿ, ಒಂಬತ್ತು ಫ್ಲೋರ್ ಹತ್ತಿದೀನಿ ಅಂದ್ರಿ.”

“ಹತ್ತಿದ್ದೆ ಕಣಮ್ಮ. ಯಾವಾಗ ಅಂತ ನೀನು ಕೇಳ್ಲಿಲ್ಲ.”

ಹದಿಮೂರು ಜನ ನನ್ನ ಮುಖ ನೋಡುತ್ತಿದ್ದರು. ನಿಯಮದ ಪ್ರಕಾರ ನಾನು ಕಟ್ಟೆಯ ಮೇಲೆ ಕೂರಬೇಕು. ಆಂಟಿ ಕೈ ಬೀಸಿದರು. “ನೀನೂ ಹೋಗು. ನಾನೇನು ಮಗುನಾ? ನೀರಿದೆ, ಫೋನಿದೆ, ಸ್ತೋತ್ರ ಹೇಳ್ಕೊಂಡಿರ್ತೀನಿ.” ಹತ್ತು ವರ್ಷದಲ್ಲಿ ಮೊದಲ ಸಲ ನಿಯಮ ಮುರಿದು ನಾನು ಹತ್ತಿದೆ.

ನಿಜ ಹೇಳುತ್ತೇನೆ, ಮೊದಲ ಅರ್ಧ ಗಂಟೆ ಸುಖವಾಗಿತ್ತು. ದಾರಿಯಲ್ಲಿ ಪೈನ್ ಎಲೆ ಮೆತ್ತಗಿತ್ತು, ಶೀಟಿನಲ್ಲಿ ಅದು ಇರಲಿಲ್ಲ. ತಂಪು ಗಾಳಿಗೆ ಒಂದು ರುಚಿಯಿತ್ತು. ಆಮೇಲೆ ಚಿಂತೆ ಶುರುವಾಯಿತು. ಕಟ್ಟೆ ಜಾರುತ್ತದೆಯೇ? ತೊಟ್ಟಿ ಎಷ್ಟು ಆಳ? ಇದನ್ನು ಒಡೆಟ್‌ಗೆ ಕೇಳಿಯೇ ಇಲ್ಲವಲ್ಲ. ಫೋನ್ ತೆಗೆದೆ, ಸಿಗ್ನಲ್ ಇಲ್ಲ. ಸ್ತೋತ್ರ ಹೇಳುತ್ತ ಕಣ್ಣು ಮುಚ್ಚಿ ಮುಂದಕ್ಕೆ ವಾಲಿದರೆ? ಒಂದು ಗಂಟೆ ಇಪ್ಪತ್ತು ನಿಮಿಷ ಹತ್ತಿ, ಮುರಿದ ಶಿಲುಬೆಯ ಬಳಿ ನಿಂತೆ. ಶೀಟಿನ ಪ್ರಕಾರ ಅಲ್ಲಿಂದ ಚಾಪೆಲ್‌ಗೆ ಇಪ್ಪತ್ತೇ ನಿಮಿಷ. ಮರಗಳ ನಡುವೆ ಮೇಲೆ ಬೆಳಕು ತೆರೆದುಕೊಂಡದ್ದು ಕಾಣುತ್ತಿತ್ತು. ಗುಂಪಿನಲ್ಲಿದ್ದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಕೈಗೆ ಶೀಟ್ ಕೊಟ್ಟು, “ಅಂಕಲ್, ಹಳದಿ ಗುರುತು ಬಿಡಬೇಡಿ,” ಎಂದು ಹೇಳಿ ತಿರುಗಿ ಇಳಿದೆ. ಆ ದಿನ ಕೆಳಗಿದ್ದವರನ್ನೂ ಬಿಟ್ಟೆ, ಮೇಲಿದ್ದವರನ್ನೂ ಬಿಟ್ಟೆ. ನೀವು ಹೀಗೆ ಮಾಡಬೇಡಿ.

ಇಳಿದದ್ದು ಓಟದಲ್ಲಿ. ಹನ್ನೆರಡು ದಾಟಿತ್ತು. ಕಟ್ಟೆ ಖಾಲಿ. ತೊಟ್ಟಿಯೊಳಗೆ ಬಗ್ಗಿ ನೋಡಿದೆ, ನೀರು ಮೊಣಕಾಲುದ್ದವೂ ಇರಲಿಲ್ಲ, ಆಂಟಿಯೂ ಇರಲಿಲ್ಲ. ಪೇಟೆಗೆ ಓಡಿದರೆ ಒಡೆಟ್‌ಳ ಕಚೇರಿ ಊಟಕ್ಕೆ ಮುಚ್ಚಿದೆ. ಅವಳ ಫೋನ್ ಹೊಡೆದುಕೊಳ್ಳುತ್ತಿದೆ, ಎತ್ತುವವರಿಲ್ಲ. ಆಫೀಸಿಗೆ ಮಾಡಿದೆ. ನನ್ನ ಕುರ್ಚಿಯಲ್ಲಿ ಕೂತಿದ್ದವನು ಮೊದಲ ರಿಂಗಿಗೇ ಎತ್ತಿದ. ನಾನು ಯಾವತ್ತೂ ಮೂರಕ್ಕಿಂತ ಮೊದಲು ಎತ್ತಿದ್ದಿಲ್ಲ.

“ಜಯಂತ್, ಇಂದಿರಾ ಆಂಟಿ ಕಾಣಿಸ್ತಿಲ್ಲ. ತೊಟ್ಟಿ ಹತ್ರ ಕೂರಿಸಿದ್ದೆ.”

“ನೀನೆಲ್ಲಿದೀಯ?”

“ಕೆಳಗೆ.”

“ಕೆಳಗ್ಯಾಕೆ ಬಂದೆ ಮಾರಾಯ್ತಿ? ಅವರು ಮೇಲಿರ್ತಾರೆ.”

“ಮೇಲೆ ಹೇಗೆ ಇರ್ತಾರೆ, ಮಂಡಿ ನೋವು.”

“ವ್ಯಾನಲ್ಲಿ. ಒಡೆಟ್ ತಮ್ಮಂದು. ಗುಡ್ಡದ ಹಿಂದೆ ಟ್ರಾಕ್ಟರ್ ರೋಡಿದೆ, ಹನ್ನೆರಡು ನಿಮಿಷ. ನಾನು ಪ್ರತಿ ಸಲ ಕೆಳಗೆ ಉಳಿದವರನ್ನ ಹಾಗೇ ಕರ್ಕೊಂಡು ಹೋಗ್ತಿದ್ದೆ.”

“ಪ್ರತಿ ಸಲ?”

“ಹ್ಞೂಂ. ಆಂಟಿಯರಿಗೆಲ್ಲ ಗೊತ್ತು. ಒಬ್ಬರಿಗೊಬ್ಬರು ಹೇಳ್ಕೊಂಡಿದಾರೆ. ಇಂದಿರಾ ಆಂಟಿಗೆ ಅವರಕ್ಕ ಹೇಳಿರ್ತಾರೆ, ಇವರೇ ವ್ಯಾನ್ ಕರೆಸ್ಕೊಂಡಿರ್ತಾರೆ.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಅದಕ್ಕೂ ಒಂದು ರೂಲ್ ಬರೀತಿದ್ದೆ.” ಆಮೇಲೆ ಮೆಲ್ಲಗೆ ಸೇರಿಸಿದ, “ಆ ರೂಲ್ ಯಾಕೆ ಬರೆದೆ ಅಂತ ನನಗೆ ಗೊತ್ತಿತ್ತು ವನಜಾ. ಫೋಟೋ ಕಳಿಸಬಾರದಿತ್ತು.”

ಆ ಹೊತ್ತಿಗೇ ಇನ್ನೊಂದು ಕರೆ ಬಂತು. ಚಾಪೆಲ್ ಹತ್ತಿರ ಸಿಗ್ನಲ್ ಸಿಗುತ್ತದೆ. ವಿಡಿಯೋದಲ್ಲಿ ಇಂದಿರಾ ಆಂಟಿಯ ಮುಖ, ಗಾಳಿಗೆ ಹಾರುವ ಸೆರಗು. ಸುತ್ತ ಹದಿಮೂರು ಜನರೂ ಚಪಾತಿ ತಿನ್ನುತ್ತಿದ್ದರು. “ಎಲ್ಲಿದೀಯಮ್ಮ? ನಿನ್ನನ್ನೇ ಕಾಯ್ತಾ ಇದ್ವಿ. ಇಲ್ನೋಡು ಎಷ್ಟು ಚೆನ್ನಾಗಿದೆ,” ಎಂದು ಫೋನನ್ನು ಕಿಟಕಿಯತ್ತ ತಿರುಗಿಸಿದರು. ನಾನು ನನ್ನ ಫೋನಿನ ಪರದೆಯನ್ನು ಎದೆಗೆ ಒತ್ತಿಕೊಂಡೆ. ಫೋನಿನಲ್ಲಿ ನೋಡುವುದಕ್ಕೆ ಇಷ್ಟು ದೂರ ಬರಬೇಕಿರಲಿಲ್ಲ.

ಹನ್ನೆರಡೂ ಐವತ್ತಕ್ಕೆ ಬಿಳಿಯ ವ್ಯಾನು ಆಂಟಿಯನ್ನು ತಂದು ತೊಟ್ಟಿಯ ಬಳಿ ಇಳಿಸಿತು. ಉಳಿದವರು ನಡೆದು ಇಳಿಯುತ್ತಿದ್ದರು, ಬಸ್ಸು ಒಂದೂವರೆಗೆ. ಒಡೆಟ್‌ಳ ತಮ್ಮ ತನ್ನ ಪಕ್ಕದ ಸೀಟನ್ನು ತಟ್ಟಿ ನನ್ನತ್ತ ನೋಡಿದ. ಆಂಟಿ ಬೆನ್ನಿಗೆ ಕೈಯಿಟ್ಟು ದೂಡಿದರು. “ಹತ್ತು, ಹತ್ತು. ನಾನಿಲ್ಲೇ ಇರ್ತೀನಿ, ಈ ಸಲ ಆಣೆ.”

ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟೆ. ಹೋಗಲು ಹನ್ನೆರಡು, ಬರಲು ಹನ್ನೆರಡು, ನೋಡಲು ಹತ್ತು, ಒಂದೂ ಇಪ್ಪತ್ತನಾಲ್ಕು. ಸರಿಹೋಗುತ್ತದೆ. ಆದರೆ ದಾರಿಗೆ ಟ್ರಾಕ್ಟರ್ ಅಡ್ಡ ಬಂದರೆ? ಬ್ಯಾಂಕ್ ಮ್ಯಾನೇಜರ್ ಬೇಗ ಇಳಿದುಬಂದು ನನ್ನನ್ನು ಕಾಣದೆ ಎಲ್ಲರನ್ನೂ ಪೇಟೆಗೆ ಕರೆದೊಯ್ದರೆ? ಹನ್ನೆರಡು ನಿಮಿಷ ಎಂಬುದು ಅವರ ಬ್ರೋಷರಿನ ಹನ್ನೆರಡೋ, ನಮ್ಮ ಹನ್ನೆರಡೋ? ತಮ್ಮನಿಗೆ ಬೆರಳಲ್ಲಿ ತೋರಿಸಿ ಕೇಳಿದೆ, ಅವನು ಭುಜ ಕುಣಿಸಿದ. ಮತ್ತೆ ಮೊದಲಿಂದ ಲೆಕ್ಕ ಹಾಕಿದೆ. ಆಂಟಿ ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ವ್ಯಾನಿನವನು ಎಂಜಿನ್ ಆರಿಸಿ, ತೊಡೆಯ ಮೇಲೆ ಕಾಗದ ಹಾಸಿ, ಬ್ರೆಡ್ಡು ಕೊಯ್ಯತೊಡಗಿದ. ಲೆಕ್ಕ ಮುಗಿದಾಗ ಒಂದೂ ಹತ್ತು. ನಾನು ಕಾಲು ಕೆಳಗಿಳಿಸಿದೆ.

ಒಂದೂವರೆಗೆ ಸರಿಯಾಗಿ ಬಸ್ಸು ಹೊರಟಿತು. ಹದಿನಾಲ್ಕು ಜನ, ಪೂರ್ತಿ ಎಣಿಕೆ. ಬಸ್ಸು ತಿರುವು ದಾಟುವವರೆಗೆ ಅವರೆಲ್ಲ ಕಿಟಕಿಗೆ ಮುಖವಿಟ್ಟು ಗುಡ್ಡದ ನೆತ್ತಿಯನ್ನು ತೋರಿಸುತ್ತ ಮಾತಾಡುತ್ತಿದ್ದರು. ನಾನು ಮುಂದಿನ ಊರಿನ ಶೀಟ್ ಓದುತ್ತಿದ್ದೆ.

ಆಫೀಸಿನ ಕೊನೆಯ ದಿನ ನನಗಿದ್ದ ಕೆಲಸ ಇಷ್ಟೇ, ಹಳೆಯ ಶೀಟುಗಳಲ್ಲಿನ ವಿಷಯವನ್ನೆಲ್ಲ ಆ್ಯಪ್‌ಗೆ ತುಂಬಿಸುವುದು. ಜಯಂತ್ ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಕೋಟೆ, ಸೇತುವೆ, ಊರ ಗೋಡೆ, ಎಲ್ಲ ತುಂಬಿದೆ. ಚಾಪೆಲ್ ಬಂತು. ಲೀಡರ್ ಕೆಳಗೆ ಉಳಿಯತಕ್ಕದ್ದು ಎಂಬ ಸಾಲನ್ನು ಅ‍ಳಿಸಿದೆ. ಅದರ ಜಾಗದಲ್ಲಿ ಹತ್ತಲಾಗದವರಿಗೆ ಹಿಂದಿನ ರಸ್ತೆ, ವ್ಯಾನು, ಹನ್ನೆರಡು ನಿಮಿಷ ಎಂದು ಬರೆದೆ. ಆ್ಯಪ್ ಇನ್ನೊಂದು ಖಾನೆ ತೆರೆಯಿತು: ಈ ಸ್ಥಳವನ್ನು ಸ್ವತಃ ನೋಡಿ ಖಚಿತಪಡಿಸಿದವರ ಹೆಸರು.

“ನಿನ್ನ ಹೆಸರೇ ಹಾಕು,” ಎಂದ ಜಯಂತ್. “ಯಾರು ಚೆಕ್ ಮಾಡ್ತಾರೆ?”

ಹಾಕಿದೆ. ಅಳಿಸಿದೆ. ಮತ್ತೆ ಹಾಕಿ ಮತ್ತೆ ಅಳಿಸಿದೆ. ಇಪ್ಪತ್ತೆರಡು ವರ್ಷ ನೋಡದ ಊರುಗಳನ್ನು ಬರೆದಿದ್ದೆ, ಆದರೆ ನೋಡಿದ್ದೇನೆ ಎಂದು ಒಮ್ಮೆಯೂ ಬರೆದಿರಲಿಲ್ಲ. ಅವನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿ ಕಳಿಸಿದೆ. ಪರದೆಯ ತುಂಬ ಹಸಿರು ಬಣ್ಣದಲ್ಲಿ ಬಂತು: ಧನ್ಯವಾದ, ಜಯಂತ್.